ಹಳೇ ಗಂಡನ ಪಾದವೇ ಗತಿ

ಕಂಠೀರವದಲ್ಲಿ ಬೆಂಗಳೂರಿನ ಫುಟ್‌ಬಾಲ್ ಕ್ಲಬ್ ಬಿಎಫ್‌ಸಿ ಸೋತ ರಾತ್ರಿ, ಹೊರಗಿನ ಟೀ ಗಾಡಿಯ ಮುಂದೆ ನಮ್ಮ ಗುಂಪಿನ ಅಧಿವೇಶನ ಸೇರುತ್ತದೆ. ವಿಷಯ ಒಂದೇ: ಹಳೇ ಕೋಚ್ ಕಾರ್ಲೆಸ್ ಕ್ವಾಡ್ರಾಟ್‌ರನ್ನು ವಾಪಸ್ ಕರೆಸಬೇಕೋ, ಬೇಡವೋ.

"2019ರ ಐಎಸ್‌ಎಲ್ ಫೈನಲ್ ನೆನಪಿದೆಯಾ? ಎದುರಿಗೆ ಗೋವಾ, ಎಕ್ಸ್‌ಟ್ರಾ ಟೈಮ್, ಕಾರ್ನರ್ ಬಂತು, ರಾಹುಲ್ ಭೇಕೆ ತಲೆ ಕೊಟ್ಟ. ಆ ಸಲ ಕಪ್ ನಿಜಕ್ಕೂ ನಮ್ದೇ!" ನೀಲಿ ಜರ್ಸಿಯ ಗೆಳೆಯ ತಾನೂ ಹೆಡರ್ ಹೊಡೆದು ತೋರಿಸಿದ. ಅರ್ಧ ಲೋಟ ಟೀ ನನ್ನ ಚಪ್ಪಲಿಗೆ ಅಭಿಷೇಕವಾಯಿತು.

"ಸುಮ್ನಿರೋ ಮಾರಾಯ. 2021ರ ಜನವರಿಯಲ್ಲಿ 'ಮೊದಲು ಇವರನ್ನ ಕಳಿಸಿ' ಅಂತ ಟಿವಿ ಮುಂದೆ ಗಂಟಲು ಹರ್ಕೊಂಡವನು ನೀನೇ ಅಲ್ವೇನೋ?"

"ಅದು ಸಿಟ್ಟಲ್ಲಿ ಅಂದಿದ್ದು. ಮನೇಲಿ ಅನ್ನಲ್ವಾ?"

ಮೂರನೆಯವನಿಗೆ ಆಲ್ಬರ್ಟ್ ರೋಕಾನೇ ಬೇಕು; 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಕರೆದೊಯ್ದವರಲ್ಲವೇ. ನಾಲ್ಕನೆಯವನು ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆಲ್ಲಿಸಿದ ಆಶ್ಲಿ ವೆಸ್ಟ್‌ವುಡ್ ತನಕ ಹೋದ. ಇನ್ನೊಂದು ಹೆಜ್ಜೆ ಹಿಂದಿಟ್ಟರೆ ಕ್ಲಬ್ಬೇ ಹುಟ್ಟಿಲ್ಲ.

ಗಾಡಿಯವನನ್ನೇ ಕೇಳಿದೆವು. ಅವನು ಲೋಟ ತೊಳೆಯುತ್ತಲೇ ಅಂದ: "ಕೋಚ್ ಯಾರಾದ್ರೂ ಆಗ್ಲಿ ಸಾರ್. ಸೋತ್ರೆ ತಲೆಗೆರಡು ಟೀ ಕುಡೀತೀರ. ಗೆದ್ರೆ ಈ ಕಡೆ ತಿರುಗಿ ನೋಡಲ್ಲ."