ತೊಟ್ಟಿಗೆ ಮಡಿ ಮಾಡಿಸುವ ಯಜಮಾನರು

ಹಳೆಯ ಅಕ್ವೇರಿಯಂ ಕೊಂಡು ತರುವ ಯಜಮಾನರು ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬರಾದರೂ ಇರುತ್ತಾರೆ. ಭಾನುವಾರ ಬೆಳಿಗ್ಗೆ ಆಟೋದಲ್ಲಿ ಎರಡಡಿಯ ಗಾಜಿನ ತೊಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದೊಂದು ಹಂಪಿಗೂ ‘ನಿಧಾನ, ನಿಧಾನ’ ಎಂದು ಡ್ರೈವರನ ಬೆನ್ನು ತಟ್ಟುತ್ತ ಬರುವವರು ಅವರೇ. ಮಾರಿದವರು ಬೇರೆ ಊರಿಗೆ ವರ್ಗವಾಗಿ ಹೊರಟವರು. ಮೀನು ಏನಾದವು ಎಂದು ಅವರನ್ನು ಕೇಳಬೇಕಿತ್ತು. ಯಜಮಾನರು ಕೇಳಿದ್ದು ಮುಚ್ಚಳ, ಲೈಟು, ಫಿಲ್ಟರು ಎಲ್ಲ ಸೇರಿ ಕೊನೆಯ ಮಾತು ಎಷ್ಟು ಎಂದು. ಮನೆ ತಲುಪಿದ ಕೂಡಲೇ ಮೊಬೈಲಿನ ದಿಕ್ಸೂಚಿ ಹಿಡಿದು ಈಶಾನ್ಯ ಮೂಲೆಯನ್ನು ಪತ್ತೆ ಮಾಡುತ್ತಾರೆ. ಆ ಮೂಲೆಯಲ್ಲಿರುವ ಶೂ ರ‍್ಯಾಕು ಮಟ್ಟವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡುವುದು ಮಾತ್ರ ಯಾವ ವಾಸ್ತುವಿನಲ್ಲೂ ಬರೆದಿಲ್ಲ. ಎರಡಡಿ ಉದ್ದ, ಒಂದೊಂದಡಿ ಅಗಲ ಎತ್ತರದ ತೊಟ್ಟಿಯಲ್ಲಿ ಕಂಠಮಟ್ಟ ನೀರು ತುಂಬಿದರೆ ನೀರಿನ ತೂಕವೇ ಸುಮಾರು 56 ಕೆ.ಜಿ. ಈ ಲೆಕ್ಕ ಶೂ ರ‍್ಯಾಕಿಗೆ ಸಂಜೆಯೊಳಗೆ ತಿಳಿಯುತ್ತದೆ.

ಇವರನ್ನು ಸೋಮಾರಿ ಎಂದವರ ನಾಲಿಗೆಗೆ ಹುಳ ಬೀಳಬೇಕು. ಅವರ ತೊಂದರೆಯೇ ಬೇರೆ: ಅವರಿಗೆ ತೊಳೆಯಲು ಬರುತ್ತದೆ, ಕಾಯಲು ಬರುವುದಿಲ್ಲ. ಬೇರೆಯವರ ಮನೆಯಿಂದ ಬಂದ ತೊಟ್ಟಿ ಎಂದರೆ ಮೈಲಿಗೆ. ಬಾತ್‌ರೂಮಿನಲ್ಲಿ ಕೂರಿಸಿ ತಲೆಯ ಮೇಲೆ ನೀರು ಸುರಿದುಬಿಟ್ಟರೆ ಮಡಿ. ಮಡಿಯಾದ ಮೇಲೆ ತಡವೇಕೆ, ಸಂಜೆಗೇ ಮೀನು. ಈ ತರ್ಕದ ಬಲದಲ್ಲಿ ಸಿಂಕಿನ ಕೆಳಗಿನ ಆಯುಧಗಳೆಲ್ಲ ಹೊರಗೆ ಬರುತ್ತವೆ. ಮೊದಲು ಪಾತ್ರೆ ಸೋಪು, ಅದು ಸಾಲದೆಂದು ಬಟ್ಟೆ ಪುಡಿ, ಘಮ ಬರಲೆಂದು ಫಿನಾಯಿಲು. ಸೋಪಿನ ಪಸೆ ಮೂಲೆಯಲ್ಲಿ ಚೂರು ಉಳಿದರೂ ಮೀನಿನ ಕಿವಿರಿಗೆ ಕುತ್ತು. ಫಿನಾಯಿಲಂತೂ ನೇರ ವಿಷ. ಬೋರ್‌ವೆಲ್ ನೀರು ಗಾಜಿನ ಮೇಲೆ ಬಿಟ್ಟ ಬಿಳಿ ಗೆರೆ ಇಷ್ಟಕ್ಕೂ ಜಗ್ಗದಿದ್ದಾಗ ಬ್ಲೀಚಿನ ಮೇಲೆಯೇ ಬಾತ್‌ರೂಮ್ ಆಸಿಡ್ ಸುರಿಯುವ ಧೀರರೂ ಇದ್ದಾರೆ. ಅದರಿಂದ ಏಳುವುದು ಕ್ಲೋರಿನ್ ಅನಿಲ. ಆಗ ಕುತ್ತು ಮೀನಿಗಲ್ಲ, ಯಜಮಾನರಿಗೇ. ಆ ಗೆರೆ ಸುಣ್ಣದ್ದು, ಬರೀ ವಿನಿಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಅಂಟಿಸಿದರೆ ಸಡಿಲವಾಗುತ್ತದೆ. ಆದರೆ ಅರ್ಧ ಗಂಟೆ ಎಂದರೆ ಕಾಯುವುದಾಯಿತಲ್ಲ! ಅದಕ್ಕೇ ಬ್ಲೇಡು ಬರುತ್ತದೆ. ಬ್ಲೇಡು ಗಾಜಿನ ಮೇಲೆ ನೆಟ್ಟಗೆ ಓಡಿ, ಮೂಲೆಗೆ ಬಂದಾಗ ಅಲ್ಲಿನ ಸಿಲಿಕೋನನ್ನೂ ಕೊಳೆಯೆಂದೇ ಭಾವಿಸಿ ಒಂದು ಎಳೆ ಕಿತ್ತುಕೊಂಡು ಬರುತ್ತದೆ. ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಕೂರುವುದಿಲ್ಲ. ಪೂರ್ತಿ ಕೆರೆದು ಮತ್ತೆ ಬಳಿದು, ಆ ಹುಳಿ ವಾಸನೆ ಹೋಗುವವರೆಗೆ ಒಣಗಲು ಬಿಡಬೇಕು. ಸೋರುತ್ತದೋ ಇಲ್ಲವೋ ತಿಳಿಯಬೇಕಾದರೆ ತೊಟ್ಟಿಯನ್ನು ತುಂಬಿಸಿ ಒಂದೆರಡು ದಿನ ಬಾಲ್ಕನಿಯಲ್ಲಿ ಇಡಬೇಕು. ಯಜಮಾನರು ಈ ಪರೀಕ್ಷೆಯನ್ನು ಹಾಲಿನಲ್ಲಿ, ಮೀನು ಬಿಟ್ಟ ಮೇಲೆ ಮಾಡುತ್ತಾರೆ.

ಹಾಗಾದರೆ ತೊಳೆಯುವುದೇ ತಪ್ಪೇ ಎಂದು ಅವರು ಕೇಳಬಹುದು. ಎದುರಿನ ಫ್ಲ್ಯಾಟಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮಜ್ಜನ ಮನೆಯ ಬಾವಿಯಲ್ಲಿ ಮೀನಿರಲಿಲ್ಲವೇ, ಅದಕ್ಕೆ ಯಾರು ಬ್ಲೀಚ್ ಹಾಕಿದ್ದರು ಎನ್ನುತ್ತಾರೆ. ಬಾವಿಯ ವಾದವನ್ನು ತಳ್ಳಿಹಾಕುವಂತಿಲ್ಲ. ಮಲೇರಿಯಾದ ಸೊಳ್ಳೆಮರಿ ತಿನ್ನಲೆಂದು ನಮ್ಮ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಬಿಟ್ಟದ್ದುಂಟು, ಅವು ಅಲ್ಲೇ ಸಂಸಾರ ಬೆಳೆಸಿದ್ದೂ ಉಂಟು. ಆದರೆ ಬಾವಿಯಲ್ಲಿ ಸಾವಿರಾರು ಲೀಟರ್ ನೀರಿಗೆ ಹಿಡಿಯಷ್ಟು ಮೀನು, ಜೊತೆಗೆ ವರ್ಷಗಟ್ಟಲೆ ಕಟ್ಟಿದ ಪಾಚಿ. ನಮ್ಮ ಯಜಮಾನರದು 56 ಲೀಟರ್ ನೀರಿಗೆ ಎಂಟು ಗೋಲ್ಡ್‌ಫಿಶ್, ದೃಷ್ಟಿಗೆಂದು ಒಂದು ಕಪ್ಪು. ಇನ್ನು ಹಳೆಯ ತೊಟ್ಟಿಯಲ್ಲಿ ಏನಿರುತ್ತದೆ ಎನ್ನುವುದೂ ಬರೀ ಶಂಕೆಯಲ್ಲ. ಬಿಳಿಚುಕ್ಕೆ ರೋಗದ ಜೀವಿ ಮೀನಿನ ಮೈಯಿಂದ ಉದುರಿ, ಕೆಳಗಿನ ಕಲ್ಲಿಗೋ ಗಾಜಿಗೋ ಅಂಟಿ, ಗೂಡು ಕಟ್ಟಿಕೊಂಡು ನೂರಾರಾಗಿ ಒಡೆಯುತ್ತದೆ. ಅದರ ಮರಿಗಳು ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ, ಗಾಜು ಚೆನ್ನಾಗಿ ಒಣಗಿದರೂ ಸಾಯುತ್ತವೆ. ಹಾಗಾಗಿ ಟೆರೇಸಿನ ಪುಕ್ಕಟೆ ಬಿಸಿಲಿನಷ್ಟು ಒಳ್ಳೆಯ ಔಷಧಿ ಇಲ್ಲ. ಮೀನಿನ ಕ್ಷಯ ತರುವ ಮೈಕೋಬ್ಯಾಕ್ಟೀರಿಯಂ ಮರೀನಂ ಇನ್ನೊಂದು. ನಮ್ಮ ಕ್ಷಯದ ದಾಯಾದಿ. ಮೇಣದ ಕವಚ ತೊಟ್ಟದ್ದರಿಂದ ಬ್ಲೀಚಿಗೂ ಸುಲಭವಾಗಿ ಬಗ್ಗದು, ಶೇಕಡಾ 70ರ ಸ್ಪಿರಿಟ್ಟಿಗೆ ಬಗ್ಗುತ್ತದೆ. ಕೈಯ ಗಾಯದ ಮೂಲಕ ಮನುಷ್ಯರಿಗೂ ಹತ್ತಿ ತಿಂಗಳುಗಟ್ಟಲೆ ವಾಸಿಯಾಗದ ಗಂಟು ತರಬಲ್ಲದು. ಬರಿಗೈಯಲ್ಲಿ ಉಜ್ಜುವ ಶೌರ್ಯ ಇಲ್ಲಿ ಬೇಡ. ಗ್ಲೌಸ್ ಹಾಕಿಕೊಂಡರೆ ಮಾನ ಹೋಗುವುದಿಲ್ಲ.

ಆದ್ದರಿಂದ ತೊಳೆಯಲೇಬೇಕು, ಅದಕ್ಕೆ ಬೇಕಾದ್ದು ಸ್ವಲ್ಪವೇ. ಹಳೆಯ ಕಲ್ಲು, ಹಳೆಯ ಸ್ಪಂಜು ಎಸೆಯುವುದು ಲೇಸು. ಪರಿಮಳವಿಲ್ಲದ ಸಾದಾ ಬ್ಲೀಚ್ ಒಂದು ಪಾಲಿಗೆ 20 ಪಾಲು ನೀರು, 10–15 ನಿಮಿಷ. ಆಮೇಲೆ ಮೂರು ನಾಲ್ಕು ಸಲ ತೊಳೆದು, ಉಳಿದ ಕ್ಲೋರಿನ್ನಿಗೆ ಅಕ್ವೇರಿಯಂ ಅಂಗಡಿಯ ಆ್ಯಂಟಿ-ಕ್ಲೋರಿನ್ ಹಾಕಿದ ನೀರಿನಲ್ಲಿ ಮತ್ತೊಮ್ಮೆ ಜಾಲಿಸಿ, ಒಣಗಿಸಿದರೆ ಗಾಜಿನ ಕೆಲಸ ಮುಗಿಯಿತು. ಹಿಂದೆ ಫೋಟೋ ಸ್ಟುಡಿಯೋದವರು ಕತ್ತಲ ಕೋಣೆಯಲ್ಲಿ ಬಳಸುತ್ತಿದ್ದ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಕ್ಲೋರಿನ್ ಕಳೆಯುವ ಹಳೆಯ ಮದ್ದು. ಸ್ಟುಡಿಯೋಗಳು ಮುಚ್ಚಿದವು, ಹೈಪೋಗೆ ಮೀನಿನಂಗಡಿಯಲ್ಲಿ ನೌಕರಿ ಸಿಕ್ಕಿತು.

ಇಲ್ಲಿಗೆ ಯಜಮಾನರು ಜಯಘೋಷ ಮಾಡಿ ಮೀನು ತರಲು ಶಿವಾಜಿನಗರಕ್ಕೆ ಹೊರಡುತ್ತಾರೆ. ನಿಜವಾದ ತಕರಾರು ಶುರುವಾಗುವುದೇ ಇಲ್ಲಿಂದ. ಕೆಟ್ಟದ್ದನ್ನು ಕೊಲ್ಲುವ ಬ್ಲೀಚು ಒಳ್ಳೆಯದರ ಮುಖ ನೋಡಿ ಬಿಡುವುದಿಲ್ಲ. ಮೀನು ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ನೈಟ್ರೋಸ್ಪೈರಾದಂಥವು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಒಕ್ಕಲು ಫಿಲ್ಟರಿನಲ್ಲಿ ತಾನಾಗಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಒಂಬತ್ತು ಮೀನು ಬಿಟ್ಟರೆ ನೀರು ಕನ್ನಡಿಯಂತೆ ಹೊಳೆಯುತ್ತಿರುವಾಗಲೇ ಅವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಅಮೋನಿಯಾಕ್ಕೆ ಬಣ್ಣವಿಲ್ಲ, ಕಣ್ಣಿಗೆ ಕಾಣದ್ದನ್ನು ಯಜಮಾನರು ನಂಬುವುದು ದೇವರ ವಿಷಯದಲ್ಲಿ ಮಾತ್ರ. ಹಾಗಾಗಿ ತೊಳೆದದ್ದು ಸಾಲಲಿಲ್ಲವೆಂದು ತೀರ್ಮಾನಿಸಿ, ತೊಟ್ಟಿ ಬರಿದು ಮಾಡಿ, ಫಿಲ್ಟರನ್ನು ಕಾವೇರಿ ನೀರಿನ ನಲ್ಲಿಯ ಕೆಳಗೆ ಹಿಡಿದು ಹಿಂಡುತ್ತಾರೆ. ಆ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಆಗಷ್ಟೇ ಬಂದು ಸೇರಿದ್ದ ನಾಲ್ಕು ಬ್ಯಾಕ್ಟೀರಿಯಾವೂ ಚರಂಡಿ ಸೇರುತ್ತವೆ, ವಾರಗಳ ಲೆಕ್ಕ ಮತ್ತೆ ಒಂದರಿಂದ. ಉಜ್ಜಿದಷ್ಟೂ ಕಾಯಬೇಕಾದ ದಿನ ಹೆಚ್ಚುತ್ತದೆ ಎಂಬ ಈ ಲೆಕ್ಕ ಅವರ ಪಾಲಿಗೆ ಅನ್ಯಾಯ. ಪಕ್ಕದ ಬ್ಲಾಕಿನಲ್ಲಿ ಆರೋಗ್ಯವಾದ ತೊಟ್ಟಿ ಇಟ್ಟವರಿದ್ದರೆ ಅವರ ಫಿಲ್ಟರಿನ ಒಂದು ತುಂಡು ಸ್ಪಂಜು ಬೇಡಿ ತರಬಹುದು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಕೆಲಸ ಬೇಗ ಹತ್ತುತ್ತದೆ. ಪಕ್ಕದ ಮನೆಯಿಂದ ಹೆಪ್ಪು ತರಲು ಸಂಕೋಚಪಡದ ಯಜಮಾನರು ಸ್ಪಂಜಿನ ಮಾತು ಬಂದರೆ ಮುಖ ಸಿಂಡರಿಸುತ್ತಾರೆ: ‘ಅವರ ಮನೆ ಕೊಳೆ ನಮಗ್ಯಾಕೆ?’

ಆರು ವಾರ ಖಾಲಿ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಹಾಕುತ್ತ ಫಿಲ್ಟರು ಓಡಿಸುವುದು ಗೃಹಸ್ಥರಿಗೆ ಆಗುವ ಮಾತೇ ಎಂಬ ಕೊನೆಯ ಆಕ್ಷೇಪವೊಂದಿದೆ, ಅದರಲ್ಲಿ ಹುರುಳಿದೆ. ಬಂದವರೆಲ್ಲ ‘ಮೀನೆಲ್ಲಿ?’ ಎಂದು ಬಗ್ಗಿ ನೋಡುತ್ತಾರೆ, ಕರೆಂಟು ಬಿಲ್ಲು ಬರುತ್ತದೆ. ಇದಕ್ಕಿರುವ ಉಪಾಯವೆಂದರೆ ಯಜಮಾನರ ಕೈಗೆ ಕೆಲಸ ಕೊಡುವುದು: ಅಮೋನಿಯಾ ಟೆಸ್ಟ್ ಕಿಟ್ ತರಿಸಿ ಕೊಟ್ಟರೆ ಸಾಕು, ಬ್ರಷ್ಷು ತಾನಾಗಿ ಕೆಳಗೆ ಬೀಳುತ್ತದೆ. ಆ ಮೇಲೆ ದಿನಕ್ಕೆ ಮೂರು ಸಲ ಪುಟ್ಟ ಗಾಜಿನ ನಳಿಗೆಯಲ್ಲಿ ನೀರು ತುಂಬಿ, ಹನಿ ಎಣಿಸಿ ಹಾಕಿ, ಕುಲುಕಿ, ಟ್ಯೂಬ್‌ಲೈಟಿಗೆ ಹಿಡಿದು ಬಣ್ಣದ ಚೀಟಿಯ ಜೊತೆ ತಾಳೆ ನೋಡುತ್ತಾರೆ. ಹಳದಿಯಾದರೆ ಅಮೋನಿಯಾ ಇಲ್ಲ, ಹಸಿರಾದರೆ ಇದೆ. ‘ನೋಡೇ, ಅಪ್ಪಟ ನಿಂಬೆಹಳದಿ, ಇವತ್ತೇ ಮೀನು ತರಬಹುದು.’ ಒಲೆಯ ಮುಂದಿನಿಂದಲೇ ಉತ್ತರ ಬರುತ್ತದೆ: ‘ಅದು ಗಿಳಿಹಸಿರು ರೀ, ಕನ್ನಡಕ ಹಾಕ್ಕೊಂಡು ನೋಡಿ.’