ತೊಟ್ಟಿಲು ತಪ್ಪಿಸಿದ ಪಟ್ಟ

ಚರ್ಚಿಲ್ ಸಾಹೇಬರ ಚುಟ್ಟ, ಟೋಪಿ, ಬೆಂಗಳೂರು ಕ್ಲಬ್ಬಿನಲ್ಲಿ ಉಳಿಸಿ ಹೋದ 13 ರೂಪಾಯಿ ಬಾಕಿ, ಇವೆಲ್ಲ ನಿಮಗೂ ಗೊತ್ತು, ನನಗೂ ಗೊತ್ತು. ಅದು ಬಿಡಿ. ನನಗೆ ಮಜಾ ಅನ್ನಿಸೋದು ಆತನ ಮನೆತನ. ಮಾರ್ಲ್‌ಬರೋ ಡ್ಯೂಕ್‌ಗಳ ವಂಶಾವಳಿ ಬಿಡಿಸಿಕೊಂಡು ಕೂತರೆ ಒಲೆ ಮೇಲಿನ ಹಾಲು ಉಕ್ಕಿದ್ದೂ ತಿಳಿಯೋಲ್ಲ.

ಮೂಲಪುರುಷ ಅನ್ನಬಹುದಾದ ಆಸಾಮಿಯ ಹೆಸರೂ ವಿನ್‌ಸ್ಟನ್ ಚರ್ಚಿಲ್ಲೇ. 17ನೇ ಶತಮಾನದವನು. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜನ ಪಕ್ಷ ಹಿಡಿದು, ಸೋತು, ಕೈ ಬರಿದು ಮಾಡಿಕೊಂಡು ಡೆವನ್‌ನಲ್ಲಿ ಅತ್ತೆ ಮನೆ ಸೇರಿಕೊಂಡ. ಅತ್ತೆಯೋ ಪಾರ್ಲಿಮೆಂಟಿನ ಪಕ್ಷ! ಮನೆ ಅಳಿಯನ ಪಾಡೇ ಪಾಡು, ಅದರ ಮೇಲೆ ಊಟಕ್ಕೆ ಕೂತಾಗ ರಾಜಕೀಯ ಬೇರೆ. ಈ ಮನೆತನದ ಲಾಂಛನದ ಮೇಲೆ ಇವತ್ತಿಗೂ ಇರೋ ಸ್ಪ್ಯಾನಿಷ್ ಮಾತಿನ ಅರ್ಥ ಏನು ಗೊತ್ತೇ? ನಿಷ್ಠಾವಂತ, ಆದರೆ ನತದೃಷ್ಟ. ಬೇರೆಯವರು ಸಿಂಹ, ಹದ್ದು, ಶೌರ್ಯ ಅಂತ ಹಾಕಿಸಿಕೊಂಡರೆ ಇವರು ಗೊಣಗಾಟವನ್ನೇ ಕೆತ್ತಿಸಿಕೊಂಡರು ನೋಡಿ.

ಅವನ ಮಗ ಜಾನ್, ಅಂದರೆ ಮೊದಲನೇ ಡ್ಯೂಕ್, ನತದೃಷ್ಟನೇನಲ್ಲ. 1704ರಲ್ಲಿ ಬ್ಲೆನ್‌ಹೈಮ್‌ನಲ್ಲಿ ಫ್ರೆಂಚರನ್ನು ಬಗ್ಗುಬಡಿದ. ಆನ್ ರಾಣಿ ಖುಷಿಯಾಗಿ ಆಕ್ಸ್‌ಫರ್ಡ್ ಹತ್ತಿರ ವುಡ್‌ಸ್ಟಾಕ್‌ನ ಜಹಗೀರು ಕೊಟ್ಟಳು, ಅರಮನೆ ಎದ್ದಿತು. ಆದರೆ ಪುಕ್ಕಟೆ ಅಲ್ಲ, ಬಾಡಿಗೆ ಉಂಟು: ವರ್ಷಕ್ಕೊಮ್ಮೆ, ಯುದ್ಧ ಗೆದ್ದ ಆಗಸ್ಟ್ 13ಕ್ಕೆ, ಫ್ರೆಂಚ್ ರಾಜನ ಬಿಳಿ ಬಾವುಟದ ಒಂದು ಪ್ರತಿ ವಿಂಡ್ಸರ್ ಕೋಟೆ ಸೇರಬೇಕು. ಅಷ್ಟು ದೊಡ್ಡ ಅರಮನೆಗೆ ಒಂದು ತುಂಡು ಬಟ್ಟೆ ಬಾಡಿಗೆ. ಅಡ್ವಾನ್ಸೂ ಇಲ್ಲ, ಮಾಲೀಕರ ಕಿರಿಕಿರಿಯೂ ಇಲ್ಲ. ಇಂಥ ಮನೆ ನಮಗೆ ಸಿಗೋಲ್ಲ, ಅಲ್ವಾ?

ಯಜಮಾನಿ ಸಾರಾ ಇದ್ದಳಲ್ಲ, ಅವಳ ಬಾಯಿಗೆ ರಾಣಿಯೇ ಹೆದರುತ್ತಿದ್ದಳು. ಅರಮನೆ ಕಟ್ಟಿದ ವ್ಯಾನ್‌ಬ್ರೂ ಮುಂದೊಂದು ದಿನ ತಾನು ಕಟ್ಟಿದ್ದನ್ನು ನೋಡೋಕೆ ಬಂದರೆ ಗೇಟಿನಿಂದಾಚೆಗೇ ವಾಪಸ್ಸು ಕಳಿಸಿದಳು. ಮೊಮ್ಮಗಳೊಬ್ಬಳ ಮೇಲೆ ಸಿಟ್ಟು ಬಂದು ಅವಳ ಚಿತ್ರದ ಮುಖಕ್ಕೆ ಕಪ್ಪು ಬಳಿಸಿ, ಒಳಗೆ ಇದಕ್ಕಿಂತ ಕಪ್ಪು ಅಂತ ಬರೆಸಿದಳಂತೆ. ನಮ್ಮ ಸೋದರತ್ತೆಯೊಬ್ಬರು ಮದುವೆಯ ಗ್ರೂಪ್ ಫೋಟೋದಿಂದ ಓರಗಿತ್ತಿಯ ಮುಖವನ್ನಷ್ಟೇ ಬ್ಲೇಡಿನಲ್ಲಿ ಕತ್ತರಿಸಿ ತೆಗೆದಿದ್ದರು. ಸೀರೆ, ಒಡವೆ, ಕೈಯಲ್ಲಿದ್ದ ತೆಂಗಿನಕಾಯಿ ಎಲ್ಲ ಹಾಗೇ ಇತ್ತು. ಯಾರು ಇವರು ಅಂತ ಮಕ್ಕಳು ಕೇಳಿದರೆ, ಯಾರೂ ಅಲ್ಲ ಬಿಡು, ಅನ್ನೋರು. ಸಾರಾಳಿಗಿಂತ ನಮ್ಮತ್ತೆಯದೇ ಅಚ್ಚುಕಟ್ಟು ಕೆಲಸ ಅಂತ ನನಗೆ.

ಹೋಗಲಿ, ವಂಶಕ್ಕೆ ಬರೋಣ. ಜಾನ್, ಸಾರಾ ದಂಪತಿಗೆ ಬದುಕಿ ಉಳಿದಿದ್ದ ಒಬ್ಬನೇ ಮಗ 1703ರಲ್ಲಿ ಕೇಂಬ್ರಿಜ್‌ನಲ್ಲಿ ಸಿಡುಬಿಗೆ ತುತ್ತಾದ. ಪಾರ್ಲಿಮೆಂಟು 1706ರಲ್ಲಿ ಕಾನೂನೇ ಮಾಡಿ, ಪಟ್ಟ ಹೆಣ್ಣುಮಕ್ಕಳಿಗೂ ಹೋಗಬಹುದು ಅಂದಿತು. ಹಾಗಾಗಿ ಅಪ್ಪ ಸತ್ತ ಮೇಲೆ ಹಿರಿಮಗಳು ಹೆನ್ರಿಯೆಟ್ಟಾಳೇ ಪಟ್ಟಕ್ಕೆ ಬಂದಳು. ಅವಳ ಮಗ ಅವಳಿಗಿಂತ ಮೊದಲೇ ಹೋದ. 1733ರಲ್ಲಿ ಎಲ್ಲ ಹೋಗಿ ಬಿದ್ದದ್ದು ತಂಗಿಯ ಮಗ ಚಾರ್ಲ್ಸ್ ಸ್ಪೆನ್ಸರ್ ಮಡಿಲಿಗೆ. ಚಾರ್ಲ್ಸ್‌ನ ತಮ್ಮನಿಗೆ ಆಲ್ತೋರ್ಪ್ ಎಸ್ಟೇಟು ಪಾಲಾಯಿತು. ಆ ಕವಲಲ್ಲೇ ಮುಂದೆ ರಾಜಕುಮಾರಿ ಡಯಾನಾ ಹುಟ್ಟಿದ್ದು. ಡಯಾನಾಗೂ ಚರ್ಚಿಲ್‌ಗೂ ದಾಯಾದಿ ಸಂಬಂಧ ಅಂದರೆ ಜನ ನಂಬೋದೇ ಇಲ್ಲ. ಇತ್ತ ಡ್ಯೂಕ್‌ಗಳು ಬರೀ ಸ್ಪೆನ್ಸರ್‌ಗಳಾಗಿಯೇ ಉಳಿದರು. 1817ರಲ್ಲಿ ಐದನೆಯವನಿಗೆ ಅದೇನು ನೆನಪಾಯಿತೋ, ಚರ್ಚಿಲ್ ಅನ್ನೋದನ್ನು ಬಾಲಕ್ಕೆ ಸೇರಿಸಿಕೊಂಡ. ಹೆಸರಿಗೆ ಗಂಡುಸಂತಾನದ ದರ್ಬಾರು, ನಡೆಸಿಕೊಟ್ಟಿದ್ದು ಹೆಣ್ಣುಮಕ್ಕಳು.

ಸೊಸೆಯ ದುಡ್ಡೂ ಸೇರಿ ಅನ್ನಿ. ಒಂಬತ್ತನೇ ಡ್ಯೂಕ್ 1895ರಲ್ಲಿ ನ್ಯೂಯಾರ್ಕಿನ ರೈಲ್ವೆ ಕುಬೇರ ವ್ಯಾಂಡರ್‌ಬಿಲ್ಟ್ ಮಗಳು ಕಾನ್ಸುಯೆಲೊಳನ್ನು ಕಟ್ಟಿಕೊಂಡ. ವರದಕ್ಷಿಣೆ 25 ಲಕ್ಷ ಡಾಲರ್, ಅದೂ ರೈಲ್ವೆ ಷೇರುಗಳಲ್ಲಿ. ಹುಡುಗಿಗೆ ಇಷ್ಟವಿರಲಿಲ್ಲ, ತಾಯಿಯ ಹಠ. ಆ ಮನೆಯ ರಾತ್ರಿಯೂಟದ ಸಂಭ್ರಮ ಕೇಳಬೇಕು: ಗಂಡ ತಟ್ಟೆ ತುಂಬ ಬಡಿಸಿಕೊಂಡು, ಆಚೆ ತಳ್ಳಿ, ಬೆರಳಿನ ಉಂಗುರ ತಿರುಗಿಸುತ್ತಾ ಯೋಚನೆಯಲ್ಲಿ ಕೂರೋನಂತೆ. ಹೆಂಡತಿ ಬೇಸತ್ತು ಹೆಣಿಗೆ ಹಿಡಿದಳು. ಬಡಿಸಬೇಕಾದ ಬಟ್ಲರ್ ಹೊರಗೆ ಪತ್ತೇದಾರಿ ಕಾದಂಬರಿ ಓದುತ್ತಿದ್ದ. ಆಕೆಯೇ ಬರೆದುಕೊಂಡಿದ್ದಾಳೆ.

ಮದುವೆಯಾಗಿ ಬಂದ ಹೊಸತರಲ್ಲೇ ಗಂಡನ ಅಜ್ಜಿ, ಮುದಿ ಡಚೆಸ್ಸು, ಆಕೆಯನ್ನು ಕೂರಿಸಿಕೊಂಡು ಹೇಳಿದರು: ಬೇಗ ಗಂಡುಮಗು ಹೆರು, ಇಲ್ಲದಿದ್ದರೆ ಆ ಅಧಿಕಪ್ರಸಂಗಿ ವಿನ್‌ಸ್ಟನ್ ಡ್ಯೂಕ್ ಆಗಿಬಿಡ್ತಾನೆ. ವಿನ್‌ಸ್ಟನ್ ಆ ಅಜ್ಜಿಗೂ ಸ್ವಂತ ಮೊಮ್ಮಗನೇ ಕಣ್ರೀ! ಅವನಪ್ಪ ರ‍್ಯಾಂಡಾಲ್ಫ್ 1895ರಲ್ಲೇ ತೀರಿಕೊಂಡಿದ್ದ, ಪಟ್ಟದ ಸಾಲಿನಲ್ಲಿ ಮುಂದಿನವನು ಇವನೇ. 1896ರಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲಿ ಪೋಲೋ ಆಡುತ್ತಾ, ಗುಲಾಬಿ ಬೆಳೆಸುತ್ತಾ, ಚಿಟ್ಟೆ ಹಿಡಿಯುತ್ತಾ ಇದ್ದಾತ ಹೆಚ್ಚೂಕಡಿಮೆ ಯುವರಾಜ ಅಂದ ಹಾಗಾಯಿತು. ಆ ಚಿಟ್ಟೆಗಳನ್ನೆಲ್ಲ ಇಲಿ ತಿಂದು ಮುಗಿಸಿತು, ಇಲಿಯನ್ನು ಅವನ ನಾಯಿ ಮುಗಿಸಿತು. ನಾಯಿಯ ಹೆಸರೂ ವಿನ್‌ಸ್ಟನ್! 1897ರ ಸೆಪ್ಟೆಂಬರಿನಲ್ಲಿ, ಆತ ವಾಯವ್ಯ ಗಡಿಯ ಕಾಳಗದಲ್ಲಿದ್ದಾಗ, ಕಾನ್ಸುಯೆಲೊಗೆ ಗಂಡುಮಗು ಆಯಿತು. ಪಟ್ಟ ತಪ್ಪಿತು.

ತಪ್ಪಿದ್ದೇ ಒಳ್ಳೇದಾಯಿತು ಅಂತೀನಿ ನಾನು. ಡ್ಯೂಕ್ ಆಗಿದ್ದರೆ ಲಾರ್ಡ್ಸ್ ಸಭೆಯಲ್ಲಿ ಕೂರಬೇಕಿತ್ತು. 1940ರಲ್ಲಿ ವಿದೇಶಾಂಗ ಮಂತ್ರಿ ಹ್ಯಾಲಿಫ್ಯಾಕ್ಸ್ ಪ್ರಧಾನಿ ಕುರ್ಚಿ ಬೇಡ ಅನ್ನೋಕೆ ಕೊಟ್ಟ ಕಾರಣವೇ ತಾನು ಲಾರ್ಡ್ಸ್‌ನವನು ಅಂತ. 1955ರಲ್ಲಿ ಎಲಿಜಬೆತ್ ರಾಣಿ ಕಡೆಯಿಂದಲೇ ಡ್ಯೂಕ್ ಪದವಿಯ ಮಾತು ಬಂತು, ಮುದುಕ ಬೇಡ ಅಂದ. ಅಜ್ಜಿ ಅಷ್ಟು ಹೊತ್ತಿಗೆ ಹೋಗಿ ಅರ್ಧ ಶತಮಾನವಾಗಿತ್ತು. ಇದ್ದಿದ್ದರೆ, ಸದ್ಯ, ಇಷ್ಟಾದರೂ ಬುದ್ಧಿ ಬಂತಲ್ಲ ಅಂತಿದ್ದರೇನೋ…