ಮೂತ್ರಕೋಶಕ್ಕೆ ಪಾಠ ಹೇಳುವ ಕ್ಲ್ಯಾಂಪ್ ಮೇಷ್ಟ್ರ ಸಂದರ್ಶನ

ಐಸಿಯು ರೋಗಿಗೆ ಹಾಕಿದ ಯೂರಿನ್ ಪೈಪನ್ನು ತೆಗೆಯುವ ಮುನ್ನ ಅನೇಕ ಕಡೆ ಒಂದು ಶಾಸ್ತ್ರ ನಡೆಯುತ್ತದೆ. ಪೈಪಿಗೆ ಎರಡರಿಂದ ನಾಲ್ಕು ಗಂಟೆ ಕ್ಲ್ಯಾಂಪ್ ಹಾಕುವುದು, ಬಿಚ್ಚಿ ಕೆಲವು ನಿಮಿಷ ಮೂತ್ರ ಚೀಲಕ್ಕೆ ಇಳಿಯಲು ಬಿಡುವುದು, ಮತ್ತೆ ಹಾಕುವುದು. ಇದಕ್ಕೆ ‘ಬ್ಲ್ಯಾಡರ್ ಟ್ರೈನಿಂಗ್’ ಎಂದು ಹೆಸರು. ಈ ತರಬೇತಿಯ ಏಕೈಕ ಮೇಷ್ಟ್ರಾದ ಪ್ಲಾಸ್ಟಿಕ್ ಕ್ಲ್ಯಾಂಪ್, ಪೈಪನ್ನು ಕಚ್ಚಿಕೊಂಡೇ ನಮ್ಮ ಪ್ರಶ್ನೆಗಳಿಗೆ ಉತ್ತರಿಸಿತು.

ನಾವು: ಮೇಷ್ಟ್ರೇ, ಹುಟ್ಟಿದಾಗಿನಿಂದ ತುಂಬುತ್ತ, ಬರಿದಾಗುತ್ತ ಬಂದಿರುವ ಅಂಗಕ್ಕೆ ನೀವು ಹೊಸದಾಗಿ ಕಲಿಸುವುದೇನು?

ಕ್ಲ್ಯಾಂಪ್: ಶಿಸ್ತು, ಸ್ವಾಮಿ! ಪೈಪು ಇದ್ದಷ್ಟು ದಿನ ಮೂತ್ರಕೋಶ ತುಂಬೋದೇ ಇಲ್ಲ. ಕೆಲಸ ಇಲ್ಲದ ಸ್ನಾಯು ಸೋಮಾರಿ ಆಗುತ್ತೆ. ನಾನು ದಾರಿ ಮುಚ್ಚಿದರೆ ಅದು ತುಂಬುತ್ತೆ, ಹಿಗ್ಗುತ್ತೆ, ಹಳೇ ಅಭ್ಯಾಸ ನೆನಪಾಗುತ್ತೆ. ನನ್ನ ಹತ್ತಿರ ಕಲಿತವರಲ್ಲಿ ಬಹುಪಾಲು ಜನ ಪೈಪು ತೆಗೆದ ಮೇಲೆ ತಾವಾಗಿಯೇ ಮೂತ್ರ ಮಾಡ್ತಾರೆ. ಇನ್ನೇನು ಸಾಕ್ಷಿ ಬೇಕು?

ನಾವು: ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದುಕೊಂಡ ಅಜ್ಜಿಯ ಲೆಕ್ಕವೂ ಇದೇ. ಕೋಳಿ ಕೂಗದ ದಿನ ಏನಾಯಿತು ಎಂದು ನೋಡಿದರೆ ತಾನೆ ಸತ್ಯ ತಿಳಿಯುವುದು? ಅದನ್ನೂ ನೋಡಿದ್ದಾರೆ. ಅಲ್ಪಾವಧಿಗೆ ಹಾಕಿದ ಪೈಪು ತೆಗೆಯುವ ವಿಧಾನಗಳ ಕುರಿತು 2021ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ, 12,241 ಮಂದಿ ಪಾಲ್ಗೊಂಡ 99 ಪ್ರಯೋಗಗಳನ್ನು ಒಟ್ಟಿಗೆ ತೂಗಿತು. ಅವುಗಳಲ್ಲಿ ಕ್ಲ್ಯಾಂಪನ್ನು ಪರೀಕ್ಷಿಸಿದ ಕೆಲವು ಪ್ರಯೋಗಗಳಲ್ಲಿ, ಅದನ್ನು ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ, ಮತ್ತೆ ಪೈಪು ಹಾಕಬೇಕಾಗಿ ಬಂದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯಂತೂ ತೆಗೆಯುವ ಮುನ್ನ ಕ್ಲ್ಯಾಂಪ್ ಹಾಕುವ ಅಗತ್ಯವಿಲ್ಲವೆಂದು 2009ರ ಮಾರ್ಗಸೂಚಿಯಲ್ಲೇ ಬರೆದಿದೆ. ನಿಮ್ಮ ಶಿಷ್ಯರು ಪಾಸಾಗಿದ್ದು ನಿಜ. ಆದರೆ ಕ್ಲಾಸಿಗೇ ಬಾರದವರೂ ಅಷ್ಟೇ ಪಾಸಾಗಿದ್ದಾರೆ.

ಕ್ಲ್ಯಾಂಪ್: ಅದೇ ಪರಾಮರ್ಶೆ ಈ ಪುರಾವೆಯ ಖಚಿತತೆ ಕಡಿಮೆ ಅಂತಲೂ ಹೇಳಿದೆ, ಅದನ್ನ ಯಾಕೆ ನುಂಗ್ತೀರಿ? ಆಪರೇಷನ್ ಮುಗಿಸಿ ಎರಡು ಮೂರು ದಿನ ಪೈಪು ಇಟ್ಟುಕೊಂಡವರ ಮಾತು ಬೇರೆ. ನನ್ನ ರೋಗಿ ವೆಂಟಿಲೇಟರಿನಲ್ಲಿ ಎರಡು ವಾರ ಮಲಗಿದವನು.

ನಾವು: ತಕ್ಕ ಆಕ್ಷೇಪಣೆಯೇ. ಆದರೆ ಆ ಅನುಮಾನ ನಿಮ್ಮ ಪರವಾಗಿ ಮಾತ್ರ ಯಾಕೆ ವಾಲಬೇಕು? ಪೈಪು ಮುಚ್ಚುವವರೇ ಅದರ ಲಾಭವನ್ನು ತೋರಿಸಬೇಕು, ಸುಮ್ಮನೆ ಬಿಟ್ಟವರಲ್ಲ. ಅದರಲ್ಲೂ ಐಸಿಯುನಲ್ಲಿ ನಿಮ್ಮ ಪಾಠದ ಫೀಸು ದುಬಾರಿ. ಮಂಪರಿನ ಔಷಧಿಯಲ್ಲಿರುವ ರೋಗಿ ‘ತುಂಬಿತು, ಬಿಚ್ಚಿ’ ಎಂದು ಹೇಳಲಾರ. ಶಿಫ್ಟ್ ಬದಲಾಗುವ ಗಡಿಬಿಡಿಯಲ್ಲಿ ಸಿಸ್ಟರ್ ನಿಮ್ಮನ್ನು ಬಿಚ್ಚುವುದು ಮರೆತರೆ ಮೂತ್ರಕೋಶ ಮಿತಿಮೀರಿ ಹಿಗ್ಗುತ್ತದೆ. ನೀವು ಬಲಪಡಿಸಲು ಹೊರಟ ಸ್ನಾಯುವಿಗೇ ಪೆಟ್ಟು. ಕಿಡ್ನಿ ಸರಿಯಿದೆಯೇ ಎಂದು ತಿಳಿಯಲು ಗಂಟೆಗೆ ಪ್ರತಿ ಕಿಲೋ ತೂಕಕ್ಕೆ 0.5 ಮಿಲಿಲೀಟರ್ ಮೂತ್ರ ಬರುತ್ತಿದೆಯೇ ಎಂದು ಚಾರ್ಟ್ ನೋಡುತ್ತಾರೆ. ನೀವು ಕಚ್ಚಿಕೊಂಡಿರುವಷ್ಟು ಹೊತ್ತು ಆ ಚಾರ್ಟ್‌ನಲ್ಲಿ ಸೊನ್ನೆ. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರಲ್ಲಿ ಮೂತ್ರ ಕಟ್ಟಿದರೆ ರಕ್ತದೊತ್ತಡ ಪ್ರಾಣಕ್ಕೆ ಎರವಾಗುವಷ್ಟು ಏರಬಹುದು. ಇನ್ನು, ಪೈಪು ಇರುವ ಒಂದೊಂದು ದಿನವೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುವ ಸಂಭವ ಶೇ. 3ರಿಂದ 7. ಎರಡು ದಿನದ ನಿಮ್ಮ ಕೋರ್ಸ್ ಮುಗಿಯಲಿ ಎಂದು ಪೈಪು ಉಳಿಸಿಕೊಂಡರೆ ಆ ಎರಡು ದಿನದ ಅಪಾಯವೂ ರೋಗಿಯ ತಲೆಗೇ.

ಕ್ಲ್ಯಾಂಪ್: ಹಾಗೇ ತೆಗೆದು, ಆಮೇಲೆ ಮೂತ್ರ ಕಟ್ಟಿದರೆ?

ನಾವು: ಕೆಲವರಿಗೆ ಕಟ್ಟುತ್ತದೆ, ನಿಮ್ಮ ಪಾಠ ಕೇಳಿದವರಿಗೂ ಕಟ್ಟುತ್ತದೆ. ಮಾರ್ಫಿನ್ ಜಾತಿಯ ನೋವಿನ ಔಷಧಿ, ಮಲಬದ್ಧತೆ, ಊದಿದ ಪ್ರಾಸ್ಟೇಟ್, ನರಗಳ ಹಾನಿ, ಇವೆಲ್ಲ ಅದಕ್ಕೆ ಕಾರಣಗಳು. ಪೈಪು ಹಿಚುಕಿದರೆ ಇವುಗಳಲ್ಲಿ ಯಾವುದೂ ವಾಸಿಯಾಗುವುದಿಲ್ಲ. ಔಷಧಿ ಕಡಿಮೆ ಮಾಡಬಹುದೇ ನೋಡಿ, ಹೊಟ್ಟೆ ಸಾಫು ಮಾಡಿಸಿ, ಸಾಧ್ಯವಿದ್ದವರನ್ನು ಎಬ್ಬಿಸಿ ಕೂರಿಸಿ. ಪೈಪು ತೆಗೆದ ನಾಲ್ಕರಿಂದ ಆರು ಗಂಟೆಯೊಳಗೆ ಮೂತ್ರ ಬಾರದಿದ್ದರೆ ಸ್ಕ್ಯಾನರ್ ಇಟ್ಟು ಎಷ್ಟು ನಿಂತಿದೆ ಎಂದು ಅಳೆಯಿರಿ. ಹೆಚ್ಚಿದ್ದರೆ ಒಂದು ಸಲ ಪೈಪು ಹಾಕಿ ಖಾಲಿ ಮಾಡಿ, ಆಗಲೇ ತೆಗೆಯಿರಿ. ನರಹಾನಿಯಾದವರ ಬಗ್ಗೆ, ತಿಂಗಳುಗಟ್ಟಲೆ ಪೈಪು ಇದ್ದವರ ಬಗ್ಗೆ ಯೂರಾಲಜಿಸ್ಟ್ ಬೇರೆಯಾಗಿ ತೀರ್ಮಾನಿಸಲಿ. ಹಾಗೆಂದು ಎಲ್ಲರಿಗೂ ನಿಮ್ಮ ಪಾಠ ಕಡ್ಡಾಯವಾಗಬೇಕಿಲ್ಲ.

ಕ್ಲ್ಯಾಂಪ್: ಅಂದರೆ ನನ್ನ ನೌಕರಿ ಹೋಯ್ತು ಅನ್ನಿ.

ನಾವು: ಹಾಗೇನಿಲ್ಲ. ಲ್ಯಾಬಿಗೆ ಸ್ಯಾಂಪಲ್ ತೆಗೆಯುವಾಗ ಸ್ವಲ್ಪ ಹೊತ್ತು ಪೈಪು ಮುಚ್ಚಲು ನೀವು ಬೇಕು. ಕಲಿಸಲೇಬೇಕೆಂಬ ಹಟವಿದ್ದರೆ ಡಾಕ್ಟರುಗಳಿಗೆ ಕಲಿಸಿ. ದಿನವೂ ರೌಂಡ್ಸ್‌ನಲ್ಲಿ ‘ಈ ಪೈಪು ಇವತ್ತೂ ಬೇಕಾ?’ ಎಂದು ಕೇಳುವ ಅಭ್ಯಾಸವಾದರೆ ಸಾಕು.

ಕ್ಲ್ಯಾಂಪ್: ಕಲಿಸೋಣ ಸ್ವಾಮಿ, ಅದಕ್ಕೇನಂತೆ. ಆದರೆ ಅವರಿಗೆ ಕ್ಲ್ಯಾಂಪ್ ಎಲ್ಲಿಗೆ ಹಾಕಲಿ?